ಭಾಲ್ಕಿಯ ಸ್ವಿಚ್ಚಿನಲ್ಲಿ ಸತ್ಯಮ್ಮನ ಹೆಸರು

“ಈಗ ಸತ್ಯಮ್ಮನ ಹೆಸರು ಹಾಕ್ರಿ ಚಾಚಾ,” ಎಂದಳು ಸಬ್ ಇನ್‌ಸ್ಪೆಕ್ಟರ್ ಜಿಜಾಬಾಯಿ.

ಡಿಪೋಗಳ ಕಂಪ್ಯೂಟರ್ ನೋಡಿಕೊಳ್ಳುವ ಖಾಸಿಂ ಅಲಿಯವರ ಬೆರಳು ಲ್ಯಾಪ್‌ಟಾಪಿನ ಮೇಲೆಯೇ ನಿಂತಿತು. “ಇಲ್ಲೇನ್ರಿ? ಆಕಿ ಔರಾದ ಡಿಪೋದಾಕಿ. ಭಾಲ್ಕಿ ಡಬ್ಬಿಗಿ ಆಕಿ ಗುರ್ತೇ ಇರಂಗಿಲ್ಲ.”

“ಇರಲಿಕ್ಕಿಲ್ಲ. ಆದ್ರೂ ಹಾಕಿ ನೋಡ್ರಿ.”

ಭಾಲ್ಕಿಯ ಮೇವು ಡಿಪೋದ ಹಿಂದಿನ ಕೋಣೆ ಅದು. ಗೋಡೆಗೆ ಬಡಿದ ಹಲಗೆಯ ಮೇಲೆ ಒಂದು ಕಪ್ಪು ಡಬ್ಬಿ. ಡಿಪೋದ ಎಲ್ಲ ಕಂಪ್ಯೂಟರುಗಳ ತಂತಿಗಳೂ ಬಂದು ಅದರಲ್ಲಿ ಸೇರುತ್ತಿದ್ದವು. ಅದೇ ಸ್ವಿಚ್. ಬಿಸಿಲಿಗೆ ಅದು ಕಾಯಬಾರದೆಂದು ಯಾರೋ ಟೇಬಲ್ ಫ್ಯಾನೊಂದನ್ನು ಕಿಟಕಿಯ ಸರಳಿಗೆ ಹಗ್ಗದಿಂದ ಕಟ್ಟಿ, ಅದರ ಕಡೆಗೇ ತಿರುಗಿಸಿದ್ದರು. ಕೋಣೆಯಲ್ಲಿದ್ದ ಮನುಷ್ಯರಿಗೆ ಗಾಳಿ ಇರಲಿಲ್ಲ.

ಸತ್ಯಮ್ಮನ ಹೆಸರಿನ ಸಾಗಣೆ ಪಾಸುಗಳ ಮೇಲೆ, ಔರಾದಿಗೆ ಹೋಗಬೇಕಿದ್ದ ಮೇವಿನ ಲಾರಿಗಳು ಗಡಿ ದಾಟಿ ಮಾಯವಾಗಿ ವಾರವಾಗಿತ್ತು. ನಿನ್ನೆ ಸಂಜೆ ಆಕೆಯ ಬಂಧನವಾಗಿತ್ತು. ಇಂದು ಸಂಜೆಯೊಳಗೆ ಬೀದರಿನ ಕೋರ್ಟಿನ ಮುಂದೆ ನಿಲ್ಲಿಸಬೇಕು. ಅಷ್ಟರೊಳಗೆ ಬೇರೊಬ್ಬರ ಕೈವಾಡ ಕಾಣದಿದ್ದರೆ ಆ ಹುಡುಗಿ ನೇರ ಜೈಲಿಗೆ.

ಖಾಸಿಂ ಅಲಿ ಹೆಸರು ಹಾಕಿದರು. ಔರಾದಿನಲ್ಲಿ ಆಕೆಗೆಂದು ತಾವೇ ಇಟ್ಟುಕೊಟ್ಟಿದ್ದ ಪಾಸ್‌ವರ್ಡನ್ನೂ ಹಾಕಿದರು.

ಡಬ್ಬಿ ತಡೆಯಿತು. ಅದು ಬೀದರನ್ನು ಕೇಳುತ್ತಿದೆ ಎಂದು ಜಿಜಾಬಾಯಿಗೆ ಈಗ ತಿಳಿಯುತ್ತಿತ್ತು. ಬೆಳಿಗ್ಗೆಯಿಂದ ಚಾಚಾ ಅದನ್ನೇ ಹೇಳಿಕೊಟ್ಟಿದ್ದರು. ಯಾರಾದರೂ ಒಳಗೆ ಬರಬೇಕೆಂದರೆ ಸ್ವಿಚ್ ತಾನಾಗಿ ಬಿಡುವುದಿಲ್ಲ. ಬೀದರಿನ ಗಾಂಧಿ ಗಂಜಿನ ಹೆಡ್ ಆಫೀಸಿನಲ್ಲಿರುವ ಸರ್ವರನ್ನು ‘ಇವರು ನಮ್ಮವರೇ?’ ಎಂದು ಕೇಳುತ್ತದೆ. ಸರ್ವರ್ ಹೂಂ ಎಂದರೆ ಬಾಗಿಲು ತೆಗೆಯುತ್ತದೆ. ಬೇಡ ಎಂದರೆ ಹಾಕಿಯೇ ಇರುತ್ತದೆ. ಒಳಗೆ ಹೋದವರ ಹೆಸರನ್ನೇ ಮೇವಿನ ಪಾಸೂ ಹೊತ್ತುಕೊಳ್ಳುತ್ತದೆ.

ಹಸಿರು ದೀಪ ಹೊತ್ತಿತು. ಪರದೆಯ ಮೇಲೆ ಮೇವಿನ ಪಾಸಿನ ಪುಟ ತೆರೆದುಕೊಂಡಿತು. ಮೇಲ್ಗಡೆ ಹೆಸರು: ಸತ್ಯಮ್ಮ.

“ಯಾ ಅಲ್ಲಾ,” ಎಂದರು ಖಾಸಿಂ ಅಲಿ.

“ಬೀದರ ಹೂಂ ಅಂತೇನು?”

“ಹ್ಯಾಂಗ ಅಂತದ್ರಿ? ನಿನ್ನಿನೇ ಸರ್ವರಿನಾಗ ಆಕಿ ಹೆಸರು ಬಂದ್ ಮಾಡ್ಸೀರಲ್ಲ, ನೀವೇ.”

“ಹಂಗಾದ್ರ ಈಗ ಬಾಗಿಲು ತೆಗೆದಾವ ಯಾವ ಚಾಚಾ?”

ಮುದುಕ ಅಲ್ಲೇ ಇದ್ದ ಮೇವಿನ ಹೊರೆಯ ಮೇಲೆ ಕುಳಿತರು. ಜಿಜಾಬಾಯಿ ತನ್ನ ಬಾಟಲಿಯ ನೀರು ಕೊಟ್ಟಳು. ಅವರು ಒಂದೇ ಗುಟುಕು ಕುಡಿದು, ಮುಚ್ಚಳ ಬಿಗಿಯಾಗಿ ಹಾಕಿ, ವಾಪಸು ಕೊಟ್ಟರು. ಬರಗಾಲದ ಆ ವರ್ಷ ಯಾರೂ ಯಾರ ಬಾಟಲಿಯಿಂದಲೂ ಎರಡನೆಯ ಗುಟುಕು ತೆಗೆದುಕೊಳ್ಳುತ್ತಿರಲಿಲ್ಲ.

“ಔರಾದಿನ ಲೈನ್ ನಿಮಗ ಗೊತ್ತೇ ಅದ,” ಎಂದರು. “ಬಂದ್ರ ಬಂತು, ಹೋದ್ರ ಹೋಯ್ತು. ಲೈನ್ ಹೋದಾಗ ಸ್ವಿಚ್ ಕೇಳ್ತದ, ಬೀದರ ಸುಮ್ಮ ಇರ್ತದ. ಯಾರಿಗೂ ಬಾಗಿಲಿಲ್ಲ. ಅತ್ತ ತಾಂಡಾದವ್ರು, ಕುರಿಯವ್ರು ಬಿಸಲಾಗ ನಡಕೋತ ಬಂದು ಮೇವಿಗಿ ಕೂತಿರ್ತಾರ. ಎಷ್ಟಂತ ಖಾಲಿ ಕೈಲಿ ಕಳ್ಸೂದು? ಅದಕ್ಕ ನಾನು ಔರಾದ ಸ್ವಿಚ್ಚಿನ ಹೊಟ್ಟ್ಯಾಗೇ ಸತ್ಯಮ್ಮನ ಹೆಸರು ಬರದಿಟ್ಟೆ. ಬೀದರ ಉತ್ತರ ಕೊಡಲಿಲ್ಲಂದ್ರ ಸ್ವಿಚ್ ತನ್ನ ಹೊಟ್ಟಿ ನೋಡ್ಕೋತದ. ಆಕಿ ಹೆಸರು ಇತ್ತಂದ್ರ ಬಿಡ್ತದ. ಲೈನ್ ಬಂದಾಗ ಪಾಸ್ ತಾನೇ ಬೀದರಿಗಿ ಹೋಗ್ತದ.”

“ಅದು ಔರಾದಿಂದಾಯ್ತು. ಇಲ್ಲಿ?”

“ಔರಾದದ್ದು ಚಲೋ ನಡೀತಿತ್ತಲ್ರಿ. ಭಾಲ್ಕಿದು ಹೊಸಾದು ಬಂದಾಗ ಅದೇ ಅಚ್ಚಿನಾಗ ಇದನ್ನೂ ಹೊಯ್ದೆ.” ಅವರು ಎರಡೂ ಕೈ ತೆರೆದು ತೋರಿಸಿದರು. ಬಿದ್ರಿ ಕೆಲಸದವರ ಮನೆಯಲ್ಲಿ ಹುಟ್ಟಿದವರ ಕೈ. “ಅಚ್ಚಿನಾಗ ಆಕಿ ಹೆಸರು ಇತ್ತು ಅನ್ನೂದು ಮರತೇ ಹೋಯ್ತು.”

ಅಂದರೆ ಸತ್ಯಮ್ಮನ ಹೆಸರಿನ ಪಾಸು ಸತ್ಯಮ್ಮನ ಕುರ್ಚಿಯಿಂದಲೇ ಹುಟ್ಟಬೇಕಿರಲಿಲ್ಲ. ಈ ಕೋಣೆಯ ತಂತಿಯಿಂದಲೂ ಹುಟ್ಟಬಹುದಿತ್ತು. ಮೇವು ಹೊರಟದ್ದೂ ಭಾಲ್ಕಿಯ ಗೋದಾಮಿನಿಂದಲೇ.

ಆದರೆ ಅದಕ್ಕೊಂದು ಅಡ್ಡಿ. ಆ ಪಾಸುಗಳು ಹುಟ್ಟಿದ ಗುರುವಾರ ಮಧ್ಯಾಹ್ನ ಭಾಲ್ಕಿಯ ಲೈನ್ ಪೂರ್ತಿ ಸತ್ತಿತ್ತು ಎಂದು ಡಿಪೋದ ಮ್ಯಾನೇಜರ್ ಪಂಢರಿ ಬರೆದುಕೊಟ್ಟಿದ್ದ. ಪಾಸುಗಳೋ ಹುಟ್ಟಿದ ಕೂಡಲೇ ಬೀದರು ತಲುಪಿದ್ದವು. ಸತ್ತ ಲೈನಿನಿಂದ ಪಾಸು ಹೋಗುವುದಿಲ್ಲ. ಅದಕ್ಕೇ ಪೊಲೀಸರು ಭಾಲ್ಕಿಯನ್ನು ಬಿಟ್ಟು ನೇರ ಔರಾದಿನ ಹುಡುಗಿಯ ಹತ್ತಿರ ಹೋಗಿದ್ದರು.

ಜಿಜಾಬಾಯಿ ಹೊರಗೆ ಬಂದಳು.

ಬಸ್‌ಸ್ಟ್ಯಾಂಡಿನ ಕಡೆ ಹೈದರಾಬಾದಿನ ಬಸ್ಸಿಗೆ ಜನ ಗಂಟುಮೂಟೆ ಹಿಡಿದು ನಿಂತಿದ್ದರು. ಒಬ್ಬಾಕೆ ರೊಟ್ಟಿ ಬಡಿಯುವ ಕೊಣಮಿಗೆಯನ್ನೂ ತಲೆಯ ಮೇಲೆ ಹೊತ್ತಿದ್ದಳು. ಕಂಡಕ್ಟರ್ ಅದನ್ನು ನೋಡಿ ಏನೂ ಅನ್ನದೆ ತಾನೇ ಇಳಿಸಿಕೊಂಡು ಮೊದಲ ಸೀಟಿನ ಕೆಳಗೆ ತಳ್ಳಿದ.

ಜೀಪು ಬೇವಿನ ಮರದ ಕೆಳಗಿತ್ತು. ಬಿಸಿಲು ಬೀಳುವ ಕಡೆಯ ಕಿಟಕಿಗೆ ಮಹಿಳಾ ಪೇದೆ ತನ್ನ ಟವೆಲ್ಲನ್ನು ಒದ್ದೆ ಮಾಡಿ ಹಾಕಿದ್ದಳು. ಒಳಗೆ ಸತ್ಯಮ್ಮ ಕುಳಿತಿದ್ದಳು. ಅವಳ ಕೈಯಲ್ಲಿ ಪೇದೆಯ ಡಬ್ಬಿಯಿಂದ ಮುರಿದುಕೊಟ್ಟ ಅರ್ಧ ರೊಟ್ಟಿ, ಮೇಲಿಷ್ಟು ಶೇಂಗಾ ಹಿಂಡಿ. ಅದನ್ನು ಹಿಡಿದುಕೊಂಡಿದ್ದಳು, ತಿಂದಿರಲಿಲ್ಲ.

“ಉಣ್ಣು ತಂಗಿ.”

“ಇಳಿಯಂಗಿಲ್ಲರಿ ಮೇಡಂ.” ಆಕೆ ತಲೆ ಎತ್ತಿದಳು. “ಒಳಗ ಪಂಢರಿ ಸಾಹೇಬ್ರಿಗಿ ಬೈದೀರೇನು? ಬೈಬ್ಯಾಡ್ರಿ. ಭಾಳ ಚಲೋ ಮನಷ್ಯಾ.”

“ನಿನಗ ಹ್ಯಾಂಗ ಗೊತ್ತು?”

“ನಮ್ಮವ್ವ ಪುತಳಾಬಾಯಿ ಅಣ್ಣನ ಜೋಡಿ ಹೈದರಾಬಾದಿಗಿ ದುಡಿಲಿಕ್ಕ ಹೋದಳ್ರಿ. ನಮ್ಮೂರು ಭಾತಂಬ್ರಾದಿಂದ ಇಲ್ಲಿ ಬಂದು ಬಸ್ಸಿಗಿ ಕೂತಿದ್ರು. ನನ್ನ ಜೋಡಿ ಒಂದ್ ಮಾತಾಡ್ದೆ ಬಸ್ ಹತ್ತಂಗಿಲ್ಲಂತ ಅವ್ವನ ಹಟ. ನಮ್ಮ ಡಿಪೋದಾಗ ಮೊಬೈಲ್ ಹತ್ತಂಗಿಲ್ಲಲ್ರಿ. ಪಂಢರಿ ಸಾಹೇಬ್ರು ಆಕಿಗಿ ಒಳಗ ಕರದು, ತಮ್ಮ ಕುರ್ಚಿ ಮ್ಯಾಲೇ ಕೂಡ್ಸಿ, ಆಫೀಸ್ ಫೋನ್ ಹಚ್ಚಿ ಕೊಟ್ಟು, ತಾವು ಹೊರಗ ಹೋಗಿ ನಿಂತ್ರಂತ. ನಾವು ಅತ್ತಿದ್ದು ಕೇಳಬಾರ್ದಂತ. ಬಸ್ ಹೊಂಡೋ ತನಕ ಮಾತಾಡಿದಳ್ರಿ ಅವ್ವ.”

“ಯಾ ದಿವಸ ಇದು?”

“ಅದೇ ಗುರುವಾರ ಮಧ್ಯಾಹ್ನರಿ. ಅವ್ವ ಹೋದ ದಿವಸಾನೇ ನನ್ನ ಹೆಸರೂ ಹಾಳಾಯ್ತು ನೋಡ್ರಿ.”

ವಿಚಾರಣೆಯಲ್ಲಿ ಎಷ್ಟು ಕೇಳಿದರೂ ಈ ಹುಡುಗಿ ಇದನ್ನು ಹೇಳಿರಲಿಲ್ಲ. ಯಾರೂ ಅವಳಿಗೆ ಮಾಡಿದ ಉಪಕಾರದ ಬಗ್ಗೆ ಕೇಳಿರಲಿಲ್ಲ. ಎಲ್ಲರೂ ಅಪರಾಧದ ಬಗ್ಗೆಯೇ ಕೇಳಿದ್ದರು.

ಜಿಜಾಬಾಯಿ ತಿರುಗಿ ಡಿಪೋದ ಕಡೆಗೆ ನಡೆದಳು. ನಡಿಗೆ ಓಟವಾಗಿತ್ತು.

ಪಂಢರಿ ಬಾಗಿಲಲ್ಲೇ ಸಿಕ್ಕ. ತಟ್ಟೆಯಲ್ಲಿ ಚಹಾ ಹಿಡಿದಿದ್ದ. ಮೈಲೂರಿನಲ್ಲಿ ಜಿಜಾಬಾಯಿಯ ಮನೆಯ ಹಿಂದಿನ ಓಣಿಯಲ್ಲೇ ಬೆಳೆದವನು. ಊರಿನಲ್ಲಿ ಕರೆದಂತೆ ಇಲ್ಲಿಯೂ ಅಕ್ಕಾ ಎಂದೇ ಕರೆಯುತ್ತಿದ್ದ.

“ಈ ಡಬ್ಬಿ ನಸೀಬ ನೋಡ್ರಿ ಅಕ್ಕಾ. ಅದಕ್ಕ ಫ್ಯಾನ್ ಅದ, ನಮಗಿಲ್ಲ. ಮುಂದಿನ ಜನ್ಮ ಅಂಬೋದಿದ್ರ ನಾನು ಡಬ್ಬಿ ಆಗೇ ಹುಟ್ತೇನಿ.”

“ಹುಟ್ಟೀಯಂತ. ಈ ಜನ್ಮದಾಗ ಒಂದು ಮಾತು ಹೇಳು. ಗುರುವಾರ ಲೈನ್ ಸತ್ತಿತ್ತು ಅಂತ ಬರದೀಯಲ್ಲ, ಖರೇನಾ?”

“ಖರೇರಿ. ಬರಗಾಲದಾಗ ಮಳಿ, ಲೈನ್ ಎರಡೂ ಒಂದೇ. ಮ್ಯಾಲ ನೋಡ್ಕೋತ ಕೂತಿದ್ವಿ.”

ಆಕೆ ಅವನ ಮೇಜಿನ ಮೇಲಿದ್ದ ಫೋನು ಎತ್ತಿ ಅವನ ಕಿವಿಗೆ ಹಿಡಿದಳು. “ಏನ್ ಕೇಳಸ್ತದ?”

“ಟೋನ್ ಅದರಿ.”

“ಚಾಚಾ,” ಎಂದು ಒಳಗೆ ಕೂಗಿದಳು. “ಲೈನ್ ತಂತಿ ಸ್ವಿಚ್ಚಿನಿಂದ ಎಳೀರಿ.”

ಒಳಗೆ ಚಟ್ ಎಂದಿತು. ಪಂಢರಿಯ ಕಿವಿಯಲ್ಲಿ ಫೋನು ಸತ್ತಿತು. ಅವನ ಮುಖ ನೋಡಿದರೆ ಅದು ಗೊತ್ತಾಗುತ್ತಿತ್ತು.

“ಈ ಫೋನಿಗಿ ಬ್ಯಾರೆ ತಂತಿ ಇಲ್ಲ,” ಎಂದಳು ಜಿಜಾಬಾಯಿ. “ಇದೂ ಅದೇ ಸ್ವಿಚ್ಚಿನ ಮ್ಯಾಲ, ಅದೇ ಲೈನಿನ ಮ್ಯಾಲ. ಗುರುವಾರ ಲೈನ್ ಸತ್ತಿದ್ರ ಪುತಳಾಬಾಯಿ ಔರಾದಿಗಿ ಹ್ಯಾಂಗ ಮಾತಾಡಿದಳು? ಹೇಳು ಪಂಢರಿ. ಆ ಮುದುಕಿಗಿ ಕುರ್ಚಿ ಕೊಟ್ಟಾವ ನೀನೇ ಅಲ್ಲ?”

ಅವನು ಚಹಾದ ತಟ್ಟೆಯನ್ನು ಮೇಜಿನ ಮೇಲಿಟ್ಟ.

“ಆಕಿ ಮಗಳು ಅದೇ ಹೊತ್ತಿನಾಗ ಔರಾದಿನಾಗ ಫೋನ್ ಹಿಡಕೊಂಡು ಅಳ್ಲಕತ್ತಿದ್ದಳು. ಅದೇ ಹೊತ್ತಿನಾಗ ಆಕಿ ಹೆಸರಿನ ಮ್ಯಾಲ ಇಲ್ಲಿ ಪಾಸ್ ಹುಟ್ಟ್ಯಾವ. ಆಕಿಗಿ ಎರಡು ಕೈ, ನಾಕಲ್ಲ. ಹಿಂದಿನ ಕೋಣ್ಯಾಗ ಇದ್ದಾವ ಯಾವ?”

“ಅಕ್ಕಾ…”

“ಅಕ್ಕ ಮನ್ಯಾಗ. ಇಲ್ಲಿ ಪೊಲೀಸ್.”

ಖಾಸಿಂ ಅಲಿ ಬಾಗಿಲಿಗೆ ಬಂದು ನಿಂತಿದ್ದರು. ಪಂಢರಿ ಒಮ್ಮೆ ಅವರನ್ನು ನೋಡಿ ಕಣ್ಣು ತಗ್ಗಿಸಿದ.

“ಕಾಶೀರಾಮ ಸಾಹೇಬ್ರು ಬಂದಿದ್ರು,” ಎಂದ. ಕಾಶೀರಾಮ ಗಾಂಧಿ ಗಂಜಿನ ಹೆಡ್ ಆಫೀಸಿನ ಕಾರ್ಯದರ್ಶಿ. ಬೀದರ, ಭಾಲ್ಕಿ, ಔರಾದ ಮೂರೂ ಊರಿನ ಡಿಪೋಗಳ ಕೀಲಿಗಳೂ ಪಾಸ್‌ವರ್ಡುಗಳೂ ಅವನ ಕೈಯಲ್ಲಿ. “ಸ್ವಿಚ್ ನೋಡ್ಬೇಕಂದ್ರು. ನೀಲಿ ತಂತಿ, ಸಣ್ಣ ಲ್ಯಾಪ್‌ಟಾಪ್ ತಂದಿದ್ರು. ಬಾಗಿಲು ಹಾಕ್ಕೊಂಡ್ರು. ಹೊರಗ ಬಂದು ಹೇಳಿದ್ರು, ‘ಇದರಾಗ ಖಾಸಿಂ ಅಲಿದು ದೊಡ್ಡ ಕಸೂರ್ ಆಗ್ಯದ. ಮ್ಯಾಲಿನವ್ರಿಗಿ ಗೊತ್ತಾದ್ರ ಮುದುಕನ ಕೆಲಸ ಹೋಗ್ತದ. ಲೈನ್ ಸತ್ತಿತ್ತು ಅಂತ ಬರದುಬಿಡು’ ಅಂತ.”

“ನನ್ನ ಸಲುವಾಗಿ?” ಎಂದರು ಖಾಸಿಂ ಅಲಿ.

“ನಿಮ್ಮ ಸಲುವಾಗೇ ಚಾಚಾ. ನನಗ ಕೆಲಸ ಕಲಿಸಿದವ್ರು ನೀವು.”

“ಅರೆ ಪಾಗಲ್! ನನ್ನ ನೌಕರಿ ಉಳಿಸ್ಲಿಕ್ಕ ಆ ಪೋರಿಗಿ ಜೈಲಿಗಿ ಹಾಕ್ದ್ಯಾ?”

“ಬರಿವಾಗ ಆಕಿ ಹೆಸರು ಬರ್ತದಂತ ಮಾಲೂಮಿರ್ಲಿಲ್ಲರಿ. ಮಾಲೂಮಾದ ಮ್ಯಾಲ ಬಾಯಿ ಬರ್ಲಿಲ್ಲ.”

ಹೊಡೆಯಲು ಎತ್ತಿದ ಕೈಯನ್ನು ಮುದುಕ ಅವನ ಹೆಗಲ ಮೇಲೆ ಇಟ್ಟರು. ಅದು ಅಲ್ಲೇ ಉಳಿಯಿತು.

ಜಿಜಾಬಾಯಿಗೆ ಕುಳಿತುಕೊಳ್ಳಲಾಗಲಿಲ್ಲ. ಒಬ್ಬ ಮನುಷ್ಯ ಇನ್ನೊಬ್ಬರ ಒಳ್ಳೆಯತನವನ್ನೇ ಕೀಲಿಯಾಗಿ ಬಳಸಿದ್ದ. ಆದರೆ ಪಂಢರಿಯ ಬಾಯಿಮಾತು ಕಾಶೀರಾಮನ ಎದುರು ಎಷ್ಟು ಹೊತ್ತು ನಿಂತೀತು? ಒಮ್ಮೆ ಸುಳ್ಳು ಬರೆದುಕೊಟ್ಟವನ ಮಾತು. ಪುತಳಾಬಾಯಿ ಹೈದರಾಬಾದಿನ ಯಾವ ಕಟ್ಟಡದ ಕೆಳಗೆ ಇಟ್ಟಿಗೆ ಹೊರುತ್ತಿದ್ದಾಳೋ, ಸಂಜೆಯೊಳಗೆ ಹುಡುಕುವವರು ಯಾರು?

“ಚಾಚಾ, ಲೈನ್ ಜೀವಂತ ಇತ್ತು. ಮತ್ತ ಬೀದರ ಯಾಕ ಸುಮ್ಮ ಕೂತಿತ್ತು?”

ಖಾಸಿಂ ಅಲಿ ಆಗಲೇ ತಂತಿ ಹಚ್ಚಿ ಲ್ಯಾಪ್‌ಟಾಪಿನ ಮುಂದೆ ಬಗ್ಗಿದ್ದರು. “ಸ್ವಿಚ್ಚಿಗೂ ಸರ್ವರಿಗೂ ನಡುವ ಒಂದು ಗುಟ್ಟಿನ ಮಾತು ಇರ್ತದ್ರಿ. ಎರಡೂ ಕಡಿ ಅದೇ ಇರ್ಬೇಕು. ಅದು ಹೊಂದಲಿಲ್ಲಂದ್ರ ಸರ್ವರ್ ಬ್ಯಾಡ ಅಂಬೋದಿಲ್ಲ, ಹೂಂ ಅಂಬೋದಿಲ್ಲ. ಯಾರೋ ಪರದೇಶಿ ಕೂಗ್ಲಕತ್ತಾನಂತ ಕಿವಿ ಮುಚ್ಕೊಂಡು ಕೂಡ್ತದ. ಅಂವಾ ಅದನ್ನೇ ಬದ್ಲಿ ಮಾಡ್ಯಾನ. ಬೀದರ ಸುಮ್ಮಾಯ್ತು, ಇದು ಹೊಟ್ಟಿ ನೋಡ್ಕೊಂತು. ಲೈನ್ ಇತ್ತಲ್ಲ, ಪಾಸ್ ಮಾತ್ರ ಕೂಡ್ಲೇ ಹೋದವು.”

“ಸರಿ ಮಾಡ್ರಿ.”

ಆಕೆ ತನ್ನ ಮೊಬೈಲಿನಲ್ಲಿ ಗಾಂಧಿ ಗಂಜಿಗೆ ಫೋನು ಹಚ್ಚಿದಳು. ಸರ್ವರ್ ನೋಡಿಕೊಳ್ಳುವ ಹುಡುಗಿ ಕುಬರಾ ತಕ್ಷಣ ಎತ್ತಿದಳು. ಆ ಕೋಣೆಯಲ್ಲಿ ಅವಳೊಬ್ಬಳೇ.

“ಅಕ್ಕಾ! ಭಾಲ್ಕಿ ಮಾತಾಡ್ತು! ವಾರಾಯ್ತು ಇದರ ದನಿ ಕೇಳಿ.”

“ಕಾಶೀರಾಮ ಸಾಹೇಬ್ರು ಎಲ್ಲಿ ಅದಾರ ಬೇಟಾ?”

“ಮುಂಜಾನಿಂದ ಕಂಡಿಲ್ಲರಿ.”

ಖಾಸಿಂ ಅಲಿ ತಲೆ ಎತ್ತದೆ ಹೇಳಿದರು. “ಇಲ್ಲಿಂದೇ ಔರಾದ ಸ್ವಿಚ್ಚಿನಾಗ ಹೊಕ್ಕೇನಿ. ಅಲ್ಲಿಯೂ ಗುಟ್ಟಿನ ಮಾತು ಬದ್ಲಿ ಮಾಡ್ಯಾನ. ಸರಿ ಮಾಡ್ಲೇನು?”

“ಮಾಡ್ರಿ. ಹೊಟ್ಟ್ಯಾಗಿನ ಹೆಸರೂ ತೆಗೀರಿ.”

ಬೆರಳು ಓಡಿತು. ಅವರು ಕೈ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡರು. ಫ್ಯಾನು ತಿರುಗುತ್ತಿತ್ತು.

“ಅಕ್ಕಾ,” ಎಂದಳು ಕುಬರಾ. ದನಿ ಸಣ್ಣದಾಗಿತ್ತು. “ಔರಾದ ಬಡಿಲಕತ್ತದ.”

“ಏನು?”

“ಔರಾದ ಡಿಪೋದ ಕಂಪ್ಯೂಟರ್. ಒಳಗ ಬಿಡು ಅಂತ ಕೇಳ್ಲಕತ್ತಾರ. ಈಗ. ಹೆಸರು ಸತ್ಯಮ್ಮ.”

ಔರಾದ ಡಿಪೋಗೆ ನಿನ್ನೆಯೇ ಬೀಗ ಬಿದ್ದಿತ್ತು. ಸತ್ಯಮ್ಮ ಬೇವಿನ ಮರದ ಕೆಳಗಿದ್ದಳು.

“ನೀ ಏನಂದಿ?”

“ಹೆಸರು ಬಂದ್ ಅದಲ್ಲರಿ. ಸರ್ವರ್ ತಾನೇ ಬ್ಯಾಡ ಅಂತು. ಮತ್ತ ಬಡಿಲಕತ್ತಾರ. ಹೆಸರು ತೆರಿಲೇನು?”

ಸತ್ಯಮ್ಮನನ್ನು ಕರೆತರಲು ಜಿಜಾಬಾಯಿ ಪಂಢರಿಯನ್ನು ಜೀಪಿಗೆ ಓಡಿಸಿದಳು. ಇನ್ನೊಂದು ಫೋನಿನಿಂದ ಔರಾದಿನ ಠಾಣೆಗೆ ಕೇಳಿದಳು. ಇದ್ದವರೆಲ್ಲ ಟ್ಯಾಂಕರ್ ನೀರಿನ ಜಗಳ ಬಿಡಿಸಲು ಹಳ್ಳಿಗೆ ಹೋಗಿದ್ದರು. ಬರಹೇಳುತ್ತೇವೆ, ಹೊತ್ತಾಗುತ್ತದೆ ಎಂದರು. ಅಷ್ಟರಲ್ಲಿ ಸತ್ಯಮ್ಮ ಪೇದೆಯ ಕೈ ಹಿಡಿದು ಒಳಗೆ ಬಂದಳು.

“ಕೇಳು ತಂಗಿ. ಔರಾದಿನಾಗ ಯಾರೋ ನಿನ್ನ ಹೆಸರಿನ ಮ್ಯಾಲ ಒಳಗ ಬರ್ಲಕತ್ತಾರ. ಬರೇ ಬಾಗಿಲು ಬಡಿದದ್ದಕ್ಕ ಕೋರ್ಟಿನಾಗ ಕಿಮ್ಮತ್ತಿಲ್ಲ, ಯಾರೋ ಹುಡುಗಾಟಕಿ ಮಾಡ್ಯಾರಂತಾರ. ಒಳಗ ಬಿಟ್ವಿ, ಪಾಸ್ ಹುಟ್ತು ಅಂದ್ರ ನೀ ಬಚಾವ್. ನೀ ನನ್ನ ಮುಂದ ನಿಂತೀದಿ, ಪಾಸ್ ಅಲ್ಲಿ ಹುಟ್ಟ್ಯದ. ಯಾ ವಕೀಲಾನೂ ತೆಗೆದುಹಾಕ್ಲಿಕ್ಕ ಬರಂಗಿಲ್ಲ.”

“ಮೇವು?”

“ಲಾರಿ ತುಂಬಿ ನಿಂದ್ರಿಸಿರ್ತಾರ. ಪಾಸ್ ಸಿಕ್ಕ ಕೂಡ್ಲೇ ಹೊಂಡ್ತದ. ಅಲ್ಲಿ ಪೊಲೀಸ್ ಮುಟ್ಟಲಿಕ್ಕ ಹೊತ್ತಾಗ್ತದ. ಗಡಿಗಿ ದಾರಿ ಒಂದಲ್ಲ.”

“ಆ ಗೋದಾಮಿನಾಗಿಂದು ಬಿಟ್ರ ಔರಾದಿನಾಗ ಹುಲ್ಲಿಲ್ಲರಿ.” ಸತ್ಯಮ್ಮನ ಕೈಯಲ್ಲಿ ಇನ್ನೂ ಆ ರೊಟ್ಟಿ ಇತ್ತು. “ಹೋದ ಮೇವು ತಿರುಗಿ ಬರ್ತದೇನ್ರಿ?”

ಜಿಜಾಬಾಯಿಗೆ ಸುಳ್ಳು ಹೇಳಲಾಗಲಿಲ್ಲ. “ಖಾತ್ರಿ ಇಲ್ಲ.”

“ಹಂಗಾದ್ರ ಬ್ಯಾಡ ಅನ್ರಿ.”

“ಹುಚ್ಚಿ,” ಎಂದಳು ಪೇದೆ ಮೆಲ್ಲಗೆ. “ಸಂಜಿಗಿ ಕೋರ್ಟದ ನಿನಗ.”

“ನನಗ ಜೈಲಿನಾಗ ರೊಟ್ಟಿ ಹಾಕ್ತಾರ. ಕುರಿಗೋಳಿಗಿ ಯಾರು ಹಾಕ್ತಾರ ಅಕ್ಕಾ? ನಾವು ಕುರಿಯವ್ರು. ಬ್ಯಾಡ ಅನ್ರಿ ಮೇಡಂ.”

ಖಾಸಿಂ ಅಲಿ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು.

“ತೆರಿಬ್ಯಾಡ ಕುಬರಾ,” ಎಂದಳು ಜಿಜಾಬಾಯಿ.

“ಆಯ್ತು ಅಕ್ಕಾ. ಬ್ಯಾಡ ಅಂತು. ಮತ್ತ ಬ್ಯಾಡ ಅಂತು.” ಕೀಲಿಮಣೆಯ ಸದ್ದು. ಆಮೇಲೆ ಅದೂ ಇಲ್ಲ. “ನಿಂತ್ರು.”

ಸತ್ಯಮ್ಮ ಗೋಡೆಗೆ ಒರಗಿದಳು.

“ಹೋದ್ರೇನು ಬೇಟಾ?”

“ಇಲ್ಲರಿ. ಮತ್ತ ಬಡಿದ್ರು. ಈ ಸಲ ಬ್ಯಾರೆ ಹೆಸರು.”

“ಯಾರದು?”

ಫೋನಿನಲ್ಲಿ ಮತ್ತೆ ಕೀಲಿಮಣೆಯ ಸದ್ದು ಕೇಳಿಸಿತು.

“ಯಾರದು ಕುಬರಾ?”

“ನನ್ನದು.” “ನನ್ನ ಹೆಸರರಿ. ನನ್ನ ಪಾಸ್‌ವರ್ಡ್ ಬರಾಬರ್ ಹಾಕ್ಯಾರ. ಸರ್ವರ್ ಹೂಂ ಅಂದುಬಿಡ್ತು ಅಕ್ಕಾ. ಪಾಸ್ ಹುಟ್ಲಕತ್ತದ. ನಾ ಏನೂ ಮುಟ್ಟಿಲ್ಲ, ಅಲ್ಲಾನಾಣಿ!”

“ಅಂಜಬ್ಯಾಡ. ನಿನ್ನ ಹೆಸರು ಬಂದ್ ಮಾಡು. ಜಲ್ದಿ.”

“ಮಾಡ್ಲಕತ್ತೇನಿ. ಒಂದ್ ನಿಮಿಷ…” ದೂರದಲ್ಲಿ ಕಟ್ಟಿಗೆಯ ಮೇಲೆ ಬೆರಳು ಬಡಿದ ಸದ್ದು ಬಂತು. “ಅಕ್ಕಾ, ಬಾಗಿಲದಾಗ ಯಾರೋ ಬಂದಾರ. ಪೊಲೀಸಂತ. ನೀವೇ ಕಳಿಸೀರಂತ ಹೇಳ್ಲಕತ್ತಾರ.”

ಜಿಜಾಬಾಯಿ ಯಾರನ್ನೂ ಕಳಿಸಿರಲಿಲ್ಲ. ಔರಾದಿನಲ್ಲಿ ಬಡಿಯುತ್ತಿದ್ದವರ ಜೊತೆಗಾರರು ಬೀದರಿನಲ್ಲೂ ಇದ್ದರು.

“ತೆಗಿಬ್ಯಾಡ! ಕುಬರಾ, ಬಾಗಿಲು ತೆಗಿಬ್ಯಾಡ!”

ಆದರೆ ಮೊಬೈಲು ಆಗಲೇ ಮೇಜಿನ ಮೇಲೆ ಇಟ್ಟಂತಿತ್ತು. ಕುರ್ಚಿ ಹಿಂದಕ್ಕೆ ಸರಿದ ಸದ್ದು. ಚಪ್ಪಲಿಯ ಸದ್ದು. “ಬಂದೇನ್ರಿ,” ಎಂಬ ಅವಳ ದನಿ, ದೂರದಿಂದ.

ಆಮೇಲೆ ಚಿಲಕ ಸರಿಯಿತು.